ಸಣ್ಣ ಮನೆಗೆ ಸೋಲಾರ್: ನಮ್ಮ ಕಡೆ ಯಾರಿಗೆ ಯಾವುದು ಸರಿ?

ಸೋಲಾರ್ ಹಾಕಿಸಬೇಕು ಅಂತ ಅಂಗಡಿಗೆ ಹೋದರೆ ಅವರು ಮೊದಲು ಕೇಳುವುದು "ಎಷ್ಟು ಕಿಲೋವ್ಯಾಟ್ ಬೇಕು?" ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೆಯದನ್ನು ಮನೆಯಲ್ಲೇ ಕೂತು ಮಾತಾಡಿಕೊಂಡು ಹೋಗಬೇಕು. ನಮಗೆ ಕರೆಂಟ್ ಬಿಲ್ ಕಡಿಮೆ ಆಗಬೇಕೋ, ಕರೆಂಟ್ ಹೋದಾಗ ದೀಪ, ಫ್ಯಾನ್ ನಡೆಯಬೇಕೋ? ಎರಡಕ್ಕೂ ಬೇಕಾದ ಸಾಮಾನು ಬೇರೆ ಬೇರೆ. ಒಂದಕ್ಕೆ ಅಂತ ಹಾಕಿಸಿದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಣ್ಣ ಮನೆಗಳಲ್ಲಿ ಬಿಲ್ಲಿನ ಚಿಂತೆ ಈಗ ಅಷ್ಟಾಗಿ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, 2022-23ರ ನಿಮ್ಮ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚು ಸೇರಿಸಿ, 200 ಯೂನಿಟ್ ಮೀರದಂತೆ ಕರೆಂಟ್ ಉಚಿತ. ನಾಲ್ಕು ಬಲ್ಬು, ಎರಡು ಫ್ಯಾನ್, ಒಂದು ಟಿವಿ ಇರುವ ಮನೆಗೆ ಬಿಲ್ ಸೊನ್ನೆ ಬರುತ್ತದೆ. ಸೊನ್ನೆಯಿಂದ ಇನ್ನೇನು ಉಳಿಸುವುದು?

ಕರೆಂಟ್ ಹೋಗುವುದು ಮಾತ್ರ ತಪ್ಪಿಲ್ಲ. ಊರೊಳಗಿನ ಮನೆಗಳಿಗೆ ಪರವಾಗಿಲ್ಲ. ಹೊಲದ ವಸ್ತಿಯಲ್ಲಿ, ತೋಟದ ಮನೆಯಲ್ಲಿ ಇರುವವರ ಪಾಡು ಬೇರೆ. ಅಲ್ಲಿನ ಲೈನ್ ಪಂಪ್‌ಸೆಟ್ ಫೀಡರಿನದು. ತ್ರೀ ಫೇಸ್ ಕೊಡುವುದು ದಿನಕ್ಕೆ 7 ತಾಸು. ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇದೆ, ಪಕ್ಕದ ಆಲಮಟ್ಟಿಯಲ್ಲಿ ನೀರಿನಿಂದ ಕರೆಂಟ್ ತೆಗೆಯುತ್ತಾರೆ. ಆದರೂ ವಸ್ತಿಯ ಮಕ್ಕಳು ಪರೀಕ್ಷೆ ಹೊತ್ತಿಗೆ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಓದುತ್ತಾರೆ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಅದನ್ನು ನೋಡಿ. ಹಾಗಾಗಿ ಕೆಳಗಿನ ಮಾತೆಲ್ಲ ಮುಖ್ಯವಾಗಿ ಕತ್ತಲೆ ಓಡಿಸಲು ಸೋಲಾರ್ ಬೇಕು ಅನ್ನುವವರಿಗೆ.

ಸಬ್ಸಿಡಿಯ ಸೋಲಾರ್

ಎಲ್ಲರೂ ಮೊದಲು ಕೇಳುವುದು ಇದನ್ನೇ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಕೇಂದ್ರ ಸರ್ಕಾರ ಕೊಡುತ್ತದೆ. ಮಾಳಿಗೆ ಮೇಲೆ ಪ್ಯಾನೆಲ್, ಗೋಡೆಗೆ ಇನ್ವರ್ಟರ್, ಹೆಸ್ಕಾಂನ ನೆಟ್ ಮೀಟರ್. ಹಗಲು ನೀವು ತಯಾರಿಸಿದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ತಗೊಳ್ಳುತ್ತೀರಿ, ಲೆಕ್ಕ ಕೊನೆಗೆ ವಜಾ ಆಗುತ್ತದೆ.

ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಮುಖ್ಯವಾದ ವಿಷಯ ಇಲ್ಲೇ ಇದೆ: ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಈ ಇನ್ವರ್ಟರ್ ತಾನೂ ಬಂದ್ ಆಗುತ್ತದೆ. ಅದು ಕೆಟ್ಟಿದ್ದಲ್ಲ, ಹಾಗೆ ಆಗಬೇಕೆಂದೇ ಮಾಡಿದ್ದು. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ವಾ? ಅಂದರೆ ಮಟಮಟ ಮಧ್ಯಾಹ್ನ, ಮಾಳಿಗೆ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಇದ್ದರೂ, ಕರೆಂಟ್ ಹೋದರೆ ನಿಮ್ಮ ಫ್ಯಾನ್ ನಿಲ್ಲುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ.

ಹಾಗಾದರೆ ಇದು ಯಾರಿಗೆ? ಬೋರ್ ಮೋಟರ್, ಫ್ರಿಜ್, ಎಸಿ ಎಲ್ಲ ಇದ್ದು 200 ಯೂನಿಟ್ ದಾಟುವ ಮನೆಗೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳ್ಳೆಯ ಬಿಸಿಲಿನಲ್ಲಿ 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಅರ್ಜಿ ಹಾಕುವ ಮೊದಲು ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಮೀಟರ್ ಇರುವ ಮನೆಗಳು ನಮ್ಮ ಕಡೆ ಬಹಳ. ಮೊದಲು ಅದನ್ನು ಬದಲಿಸಿಕೊಳ್ಳಬೇಕು. ಪ್ಯಾನೆಲ್ ಭಾರತದಲ್ಲೇ ತಯಾರಾದ ಸೆಲ್‌ನದ್ದಾಗಿರಬೇಕು, ನೋಂದಾಯಿತ ಏಜೆನ್ಸಿಯಿಂದಲೇ ಹಾಕಿಸಬೇಕು. ನೀವೇ ಸಾಮಾನು ತಂದು ಕಟ್ಟಿದರೆ ಸಬ್ಸಿಡಿ ಇಲ್ಲ.

ಬ್ಯಾಟರಿಯೂ ಇರುವ, ಗ್ರಿಡ್‌ಗೂ ಸೇರುವ ಹೈಬ್ರಿಡ್ ಇನ್ವರ್ಟರ್ ಎರಡೂ ಕೆಲಸ ಮಾಡುತ್ತದೆ. ಆದರೆ ಅದು ಕಡಿಮೆ ಬಜೆಟ್ಟಿನ ಮಾತಲ್ಲ.

ರೆಡಿ ದೀಪದ ಕಿಟ್

ಒಂದು ಸಣ್ಣ ಪ್ಯಾನೆಲ್, ಒಂದು ಪೆಟ್ಟಿಗೆ, ಮೂರ್ನಾಲ್ಕು ಡಿಸಿ ಬಲ್ಬು, ಮೊಬೈಲ್ ಚಾರ್ಜರ್. ಇದನ್ನು ಕೀಳಾಗಿ ನೋಡಬೇಡಿ. ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ಬಂದಿದ್ದೇ ಈ ದಾರಿಯಲ್ಲಿ. 1995ರಲ್ಲಿ ಹರೀಶ್ ಹಂದೆ ಶುರು ಮಾಡಿದ ಸೆಲ್ಕೋ ಸಂಸ್ಥೆ ಬ್ಯಾಂಕ್ ಸಾಲದ ಕಂತಿನಲ್ಲಿ ಇಂಥ ದೀಪಗಳನ್ನೇ ಬಡವರ ಮನೆಗೆ ಮುಟ್ಟಿಸಿತು. ಆ ಕೆಲಸಕ್ಕೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಕಿಟ್‌ನ ದೊಡ್ಡ ಲಾಭ ಅಂದರೆ ಇದರಲ್ಲಿ ಇನ್ವರ್ಟರ್ ಇಲ್ಲ. ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಬಲ್ಬಿಗೆ. ಇದು ಯಾಕೆ ಮುಖ್ಯ ನೋಡಿ. ಸಾಮಾನ್ಯ ಇನ್ವರ್ಟರ್ ಆನ್ ಇದ್ದರೆ ಸಾಕು, ಒಂದು ಬಲ್ಬೂ ಹಚ್ಚದಿದ್ದರೂ 10ರಿಂದ 20 ವ್ಯಾಟ್ ತಾನೇ ತಿನ್ನುತ್ತದೆ. 20 ವ್ಯಾಟ್ ಅಂದರೆ 24 ತಾಸಿಗೆ 480 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್). 200 ವ್ಯಾಟಿನ ಪ್ಯಾನೆಲ್ ಇಡೀ ದಿನ ಕೊಡುವುದೇ 700-800. ಅರ್ಧಕ್ಕಿಂತ ಜಾಸ್ತಿ ಇನ್ವರ್ಟರಿನ ಹೊಟ್ಟೆಗೇ ಹೋಯಿತು. ಆದ್ದರಿಂದ ಬರೀ ದೀಪ, ಮೊಬೈಲ್, ಒಂದು ಡಿಸಿ ಫ್ಯಾನ್ ಸಾಕು ಅನ್ನುವ ವಸ್ತಿಗೆ ಕಿಟ್ಟೇ ಸರಿ. ದನದ ಕೊಟ್ಟಿಗೆಗೂ ಒಂದು ಬಲ್ಬು ಎಳೆಯಬಹುದು. ಕೊಳ್ಳುವಾಗ ಬ್ಯಾಟರಿ ಬಿಚ್ಚಿ ಬದಲಿಸಲು ಬರುತ್ತದೆಯಾ ಕೇಳಿ. ಒಳಗೇ ಅಂಟಿಸಿಟ್ಟ ಪೆಟ್ಟಿಗೆ ಕೆಟ್ಟರೆ ಎಸೆಯುವುದೇ ಗತಿ.

ಇರುವ ಇನ್ವರ್ಟರ್‌ಗೆ ಪ್ಯಾನೆಲ್ ಸೇರಿಸುವುದು

ಮನೆಯಲ್ಲಿ ಈಗಾಗಲೇ ಇನ್ವರ್ಟರ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ, ಇದ್ದರೆ ಎಲ್ಲಕ್ಕಿಂತ ಅಗ್ಗದ ದಾರಿ ಇದು. 160 ವ್ಯಾಟಿನ ಎರಡು ಪ್ಯಾನೆಲ್, ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಒಂದು ಚಾರ್ಜ್ ಕಂಟ್ರೋಲರ್, ವೈರ್, ಸ್ಟ್ಯಾಂಡ್. ಅಷ್ಟೇ.

ಆದರೆ ಸುಮ್ನೆ ಪ್ಯಾನೆಲ್ ತಂದು ಬ್ಯಾಟರಿಗೆ ಸೇರಿಸಿದರೆ ಲಾಭ ಕಾಣುವುದಿಲ್ಲ. ಲೈನಿನ ಕರೆಂಟ್ ಇರುವಷ್ಟು ಹೊತ್ತು ಇನ್ವರ್ಟರ್ ಅದರಿಂದಲೇ ಬ್ಯಾಟರಿ ತುಂಬಿಸಿಬಿಡುತ್ತದೆ. ಬ್ಯಾಟರಿ ತುಂಬಿದ್ದರೆ ಪ್ಯಾನೆಲ್ಲಿನ ಕರೆಂಟಿಗೆ ಹೋಗಲು ಜಾಗವೇ ಇಲ್ಲ. ಬಿಸಿಲಿರುವಾಗ ಲೈನನ್ನು ತಾನೇ ಕತ್ತರಿಸಿ, ಬ್ಯಾಟರಿ ಇಳಿದಾಗ ಮತ್ತೆ ಸೇರಿಸುವ ಕಂಟ್ರೋಲರ್ ಕೇಳಿ ತಗೊಳ್ಳಿ. ಅಂಗಡಿಯಲ್ಲಿ "ಸೋಲಾರ್ ಪ್ರಯಾರಿಟಿ ಇರುವುದು" ಅಂದರೆ ತಿಳಿಯುತ್ತದೆ. ದಿನಕ್ಕೆ ಐದಾರು ತಾಸು ಕರೆಂಟ್ ಇಲ್ಲದ ಕಡೆ ಮಾತ್ರ ಈ ವ್ಯವಸ್ಥೆ ಸಾದಾ ಕಂಟ್ರೋಲರಿನಿಂದಲೂ ನಡೆಯುತ್ತದೆ, ಬ್ಯಾಟರಿ ದಿನಾ ಖಾಲಿಯಾಗುವುದರಿಂದ.

ಬಿಡಿ ಸಾಮಾನು ತಂದು ಕಟ್ಟುವುದು

ನನಗೆ ಇಷ್ಟವಾದ ದಾರಿ ಇದು. ಊರಿನ ಒಬ್ಬ ಒಳ್ಳೆ ವೈರ್‌ಮನ್ ಜೊತೆಗಿದ್ದರೆ ಕಷ್ಟವೇನಿಲ್ಲ. ಆದರೆ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಬೇಕು.

ಒಂದು ವಸ್ತಿ ಮನೆ ಅಂದುಕೊಳ್ಳಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 5 ತಾಸು, 180 ವ್ಯಾಟ್-ಅವರ್. ಟಿವಿ 50 ವ್ಯಾಟ್, 3 ತಾಸು, 150. ಮೂರು ಮೊಬೈಲಿಗೆ 45. ಎರಡು ಫ್ಯಾನ್ ರಾತ್ರಿ 8 ತಾಸು. ಈ ಫ್ಯಾನಿನಲ್ಲೇ ಎಲ್ಲ ಇದೆ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಎರಡಕ್ಕೆ 1,200 ವ್ಯಾಟ್-ಅವರ್. ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ, ಕಡಿಮೆ ಕರೆಂಟಿನ ಫ್ಯಾನ್ 30 ವ್ಯಾಟ್, ಎರಡಕ್ಕೆ 480. ಒಟ್ಟು ಲೆಕ್ಕ ಹಳೆ ಫ್ಯಾನಿನಲ್ಲಿ 1,575 ಆದರೆ ಹೊಸದರಲ್ಲಿ 855. ಉಳಿದ 720ನ್ನು ಸೋಲಾರಿನಿಂದ ತರಬೇಕಾದರೆ ಇನ್ನೂ 200 ವ್ಯಾಟ್‌ಗಿಂತ ಜಾಸ್ತಿ ಪ್ಯಾನೆಲ್ ಬೇಕು, ಬ್ಯಾಟರಿ ಹೆಚ್ಚುಕಡಿಮೆ ದುಪ್ಪಟ್ಟು ಬೇಕು. ಅದರ ಮುಂದೆ ಎರಡು ಬಿಎಲ್‌ಡಿಸಿ ಫ್ಯಾನಿನ ಬೆಲೆ ಏನೂ ಅಲ್ಲ. ಮೊದಲ ರೂಪಾಯಿ ಫ್ಯಾನಿಗೆ ಹಾಕಿ, ಆಮೇಲೆ ಪ್ಯಾನೆಲ್ ಯೋಚಿಸಿ.

ಮಿಕ್ಸರ್ ಈ ಲೆಕ್ಕಕ್ಕೆ ಬೇಡ. 750 ವ್ಯಾಟಿನ ಮಿಕ್ಸರ್ 12 ವೋಲ್ಟ್ ಬ್ಯಾಟರಿಯಿಂದ 60 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಶೇಂಗಾ ಹಿಂಡಿ ಲೈನ್ ಕರೆಂಟ್ ಇದ್ದಾಗ ಮಾಡಿಕೊಳ್ಳಿ, ಅಥವಾ ಒರಳಿನಲ್ಲಿ ಕುಟ್ಟಿ. ನೀರಿನ ಮೋಟರ್ ಅಂತೂ ದೂರದ ಮಾತು.

855 ವ್ಯಾಟ್-ಅವರ್ ಬೇಕೆಂದರೆ ವೈರ್, ಬ್ಯಾಟರಿ, ಇನ್ವರ್ಟರಿನಲ್ಲಿ ಸೋರಿ ಹೋಗುವುದನ್ನು ಸೇರಿಸಿ ಸುಮಾರು 1,200 ತಯಾರಿಸಬೇಕು. ಇನ್ವರ್ಟರನ್ನು ಬೇಕಾದ ಹೊತ್ತಿಗೆ ಮಾತ್ರ ಆನ್ ಮಾಡಿದರೆ 300ರಿಂದ 350 ವ್ಯಾಟ್ ಪ್ಯಾನೆಲ್ ಸಾಕು.

ಈಗ ಬ್ಯಾಟರಿ. ಟ್ಯೂಬುಲರ್ 150 ಎಎಚ್ ಅಂದರೆ 1,800 ವ್ಯಾಟ್-ಅವರ್. ಆದರೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಕೈಗೆ ಸಿಗುವುದು 900. ಲಿಥಿಯಂ ಫೆರೋ ಫಾಸ್ಫೇಟ್ 12.8 ವೋಲ್ಟ್ 100 ಎಎಚ್ ಅಂದರೆ 1,280, ಅದರಲ್ಲಿ ಶೇ 80 ಬಳಸಬಹುದು, ಸಾವಿರಕ್ಕೂ ಸ್ವಲ್ಪ ಜಾಸ್ತಿ. ಅಂದರೆ 100 ಎಎಚ್ ಲಿಥಿಯಂ 150 ಎಎಚ್ ಟ್ಯೂಬುಲರಿಗೆ ಸಮ. ಬ್ಯಾಟರಿ ಮೇಲೆ ಬರೆದ ಎಎಚ್ ಮಾತ್ರ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಬಿಸಿ ಇನ್ನೊಂದು ವಿಷಯ. ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಅಲ್ಲಿಂದ ಪ್ರತಿ 10 ಡಿಗ್ರಿ ಏರಿದಷ್ಟೂ ಆಯುಷ್ಯ ಸುಮಾರು ಅರ್ಧ ಆಗುತ್ತದೆ. ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ಪತ್ರಾಸ್ (ತಗಡಿನ ಚಾವಣಿ) ಕೆಳಗೆ ಬ್ಯಾಟರಿ ಇಟ್ಟರೆ ಏನಾಗುತ್ತದೆ ಯೋಚಿಸಿ. ಲಿಥಿಯಂ ಕೂಡ ಬಿಸಿಗೆ ಬಳಲುತ್ತದೆ, ಆದರೆ ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ನಡೆಯುತ್ತದೆ. ನೀರು ಹಾಕುವ ಕೆಲಸವಿಲ್ಲ. ಹತ್ತು ವರ್ಷದ ಲೆಕ್ಕ ಹಾಕಿದರೆ ಲಿಥಿಯಂ ಅಗ್ಗ.

ಹಾಗಂತ ಟ್ಯೂಬುಲರ್ ತಗೊಂಡವರು ಸೋತರು ಅಂತಲ್ಲ. ಕೆಟ್ಟರೆ ಇಂಡಿಯಲ್ಲೋ, ಮುಧೋಳದಲ್ಲೋ, ಗೋಕಾಕದಲ್ಲೋ ನೋಡುವವರು ಇದ್ದಾರೆ. ಹಳೆಯದಕ್ಕೆ ಗುಜರಿ ಬೆಲೆ ಸಿಗುತ್ತದೆ. ಲಿಥಿಯಂ ಒಳಗಿನ ಬಿಎಂಎಸ್ ಬೋರ್ಡ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಹೋದರೆ ಕಂಪನಿಗೇ ಕಳಿಸಬೇಕು, ಅಲ್ಲಿಯವರೆಗೆ ಕತ್ತಲು. ಆದ್ದರಿಂದ ಒಂದು ಮಾತು: ಪೂರ್ತಿ ಹೊಸದಾಗಿ ಕಟ್ಟುವವರು ಲಿಥಿಯಂ ತಗೊಳ್ಳಿ, ಮನೆಯಲ್ಲಿ ಇರುವ ಹಳೆ ಇನ್ವರ್ಟರಿಗೆ ಸೇರಿಸುವವರು ಟ್ಯೂಬುಲರಿನಲ್ಲೇ ಇರಿ. ಹಳೆ ಇನ್ವರ್ಟರಿನ ಚಾರ್ಜಿಂಗ್ ಲಿಥಿಯಂಗೆ ಹೊಂದದೆ ಹೋಗಬಹುದು.

ಕಂಟ್ರೋಲರಿನಲ್ಲಿ ಎರಡು ಜಾತಿ. ಪಿಡಬ್ಲ್ಯುಎಂ ಅಗ್ಗ, ಎಂಪಿಪಿಟಿ ದುಬಾರಿ. ಯಾವುದು ಬೇಕು ಅನ್ನುವುದನ್ನು ನಿಮ್ಮ ಪ್ಯಾನೆಲ್ ಹೇಳುತ್ತದೆ. 36 ಸೆಲ್ಲಿನ ಸಣ್ಣ ಪ್ಯಾನೆಲ್ 18 ವೋಲ್ಟಿನ ಹತ್ತಿರ ಕೆಲಸ ಮಾಡುತ್ತದೆ, 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯುಎಂ ಸಾಕು. 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ಮಾತ್ರ 37 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಕೊಡುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಹಾಕಿದರೆ ಅದು ವೋಲ್ಟೇಜನ್ನು ಬ್ಯಾಟರಿಯ 13ಕ್ಕೆ ಎಳೆದು ಇಳಿಸುತ್ತದೆ. 13 ವೋಲ್ಟ್, 9 ಆಂಪಿಯರ್: 117 ವ್ಯಾಟ್. 330 ವ್ಯಾಟಿನ ಮೂರರಲ್ಲಿ ಎರಡು ಪಾಲು ಮಾಳಿಗೆ ಮೇಲೆಯೇ ಹಾಳು. ಎಂಪಿಪಿಟಿ ಆದರೆ ವೋಲ್ಟೇಜ್ ಇಳಿಸಿ ಆಂಪಿಯರ್ ಏರಿಸುತ್ತದೆ, ಹೆಚ್ಚಿನ ಪಾಲು ಕೈಗೆ ಸಿಗುತ್ತದೆ.

ಮಾರುಕಟ್ಟೆಯಲ್ಲಿ ಮೇಲೆ ಎಂಪಿಪಿಟಿ ಅಂತ ಬರೆದು ಒಳಗೆ ಪಿಡಬ್ಲ್ಯುಎಂ ಇರುವ ಪೆಟ್ಟಿಗೆಗಳು ಬೇಕಾದಷ್ಟಿವೆ. ಕೈಯಲ್ಲಿ ಹಿಡಿದು ನೋಡಿ. ನಿಜವಾದದ್ದರ ಒಳಗೆ ತಾಮ್ರದ ಕಾಯಿಲ್ ಇರುತ್ತದೆ, ತೂಕ ಇರುತ್ತದೆ. ಖಾತ್ರಿ ಬೇಕೆಂದರೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತಂದು, ಬ್ಯಾಟರಿ ಇಳಿದಿರುವಾಗ ಮಧ್ಯಾಹ್ನದ ಬಿಸಿಲಲ್ಲಿ ಪ್ಯಾನೆಲ್ ಕಡೆಯ ವೈರಿನಲ್ಲಿ ಎಷ್ಟು ಆಂಪಿಯರ್, ಬ್ಯಾಟರಿ ಕಡೆಯ ವೈರಿನಲ್ಲಿ ಎಷ್ಟು ಅಂತ ನೋಡಿ. 37 ವೋಲ್ಟಿನ ಪ್ಯಾನೆಲ್ಲಿಗೆ ಎರಡೂ ಒಂದೇ ಬಂದರೆ ಅದು ಪಿಡಬ್ಲ್ಯುಎಂ. ಬ್ಯಾಟರಿ ಕಡೆ ಎರಡು ಪಟ್ಟಿಗೂ ಜಾಸ್ತಿ ಬಂದರೆ ದುಡ್ಡಿಗೆ ಸರಿಯಾದ ಮಾಲು.

ಸಣ್ಣ ಪ್ಯಾನೆಲ್ ಮತ್ತು ಪಿಡಬ್ಲ್ಯುಎಂ, ಅಥವಾ ದೊಡ್ಡ ಪ್ಯಾನೆಲ್ ಮತ್ತು ಎಂಪಿಪಿಟಿ. ಎರಡರಲ್ಲಿ ನಾನು ಹೇಳುವುದು ದೊಡ್ಡದನ್ನೇ. ದೊಡ್ಡ ಪ್ಯಾನೆಲ್ಲಿಗೆ ವ್ಯಾಟಿನ ಲೆಕ್ಕದಲ್ಲಿ ಬೆಲೆ ಕಡಿಮೆ. ಕಂಟ್ರೋಲರಿಗೆ ಕೊಟ್ಟ ಹೆಚ್ಚಿನ ದುಡ್ಡು ಅಲ್ಲೇ ಬಹುಪಾಲು ವಾಪಸ್ ಬರುತ್ತದೆ. ಇನ್ನೊಂದು ಕಾರಣ ನಮ್ಮ ಬಿಸಿಲು.

ಬಿಸಿಲು ಜಾಸ್ತಿ ಆದಷ್ಟೂ ಸೋಲಾರ್ ಜಾಸ್ತಿ ಅಂತ ಎಲ್ಲರೂ ತಿಳಿದಿದ್ದಾರೆ. ಬೆಳಕಿಗೆ ಆ ಮಾತು ಸರಿ, ಕಾವಿಗೆ ಸರಿಯಲ್ಲ. 40 ಡಿಗ್ರಿ ಬಿಸಿಲಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟುತ್ತದೆ. 25ಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಕಡಿಮೆಯಾಗುತ್ತದೆ. ಕಡಿಮೆಯಾಗುವುದು ಮುಖ್ಯವಾಗಿ ವೋಲ್ಟೇಜ್. 18 ವೋಲ್ಟಿನ ಪ್ಯಾನೆಲ್ ಮೇ ತಿಂಗಳ ಮಧ್ಯಾಹ್ನ 15-15.5ಕ್ಕೆ ಬರುತ್ತದೆ. ಈಗ ವೈರ್ ನೋಡಿ. ಮಾಳಿಗೆಯಿಂದ ಬ್ಯಾಟರಿಗೆ 10 ಮೀಟರ್, ಹೋಗಿ ಬಂದು 20 ಮೀಟರ್. 4 ಎಂಎಂ ತಾಮ್ರದ ವೈರಿನಲ್ಲಿ 15 ಆಂಪಿಯರ್ ಹರಿದರೆ ಸುಮಾರು 1.4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕೊನೆಗೆ ಉಳಿಯುವುದು 14ರ ಆಸುಪಾಸು. ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಲು 14.4 ಬೇಕು. ಮನೆ ವೈರಿಂಗಿನ 1.5 ಎಂಎಂ ವೈರ್ ಹಾಕಿದ್ದರೆ 3.6 ವೋಲ್ಟ್ ಹೋಗುತ್ತದೆ. ಆ ಬ್ಯಾಟರಿ ಬೇಸಿಗೆ ಪೂರ್ತಿ ಅರೆಹೊಟ್ಟೆಯಲ್ಲೇ ಇರುತ್ತದೆ, ಎರಡು ವರ್ಷಕ್ಕೆ ಸಾಯುತ್ತದೆ. ಬೈಗುಳ ಮಾತ್ರ ಪ್ಯಾನೆಲ್ಲಿಗೆ. 37 ವೋಲ್ಟಿನ ಪ್ಯಾನೆಲ್, 9 ಆಂಪಿಯರ್, ಅದೇ 4 ಎಂಎಂ ವೈರ್ ಆದರೆ ಹೋಗುವುದು ಒಂದು ವೋಲ್ಟಿಗಿಂತ ಕಡಿಮೆ. ಉಳಿದದ್ದನ್ನು ಎಂಪಿಪಿಟಿ ನೋಡಿಕೊಳ್ಳುತ್ತದೆ.

ಕಂಟ್ರೋಲರನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ಬ್ಯಾಟರಿಯ ಪ್ಲಸ್ ಕಡ್ಡಿಗೆ ಹತ್ತಿರ ಡಿಸಿ ಫ್ಯೂಸ್ ಇರಲೇಬೇಕು. ಮನೆಯ ಲೈನಿಗೆ (ಎಸಿ ಕರೆಂಟಿಗೆ) ಹಾಕುವ ಎಂಸಿಬಿ ಅಲ್ಲಿ ನಡೆಯುವುದಿಲ್ಲ. ಇನ್ವರ್ಟರಿನ 230 ವೋಲ್ಟನ್ನು ಪ್ಲಗ್ಗಿನಿಂದ ಉಲ್ಟಾ ಮನೆ ವೈರಿಂಗಿಗೆ ಕೊಡುವ ಕೆಲಸ ಯಾವ ಕಾರಣಕ್ಕೂ ಬೇಡ. ಕಂಬದ ಮೇಲಿರುವವನ ಜೀವದ ಪ್ರಶ್ನೆ ಅದು. ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಇನ್ವರ್ಟರ್, ಒಮ್ಮೆಗೆ ಒಂದನ್ನೇ ಮನೆಗೆ ಸೇರಿಸುವುದು) ಹಾಕಿಸಿ.

ಪ್ಯಾನೆಲ್, ಎಂಪಿಪಿಟಿ, ಲಿಥಿಯಂ, ಸಣ್ಣ ಇನ್ವರ್ಟರ್, ವೈರ್, ಸ್ಟ್ಯಾಂಡ್ ಎಲ್ಲ ಸೇರಿ ಹೆಚ್ಚುಕಡಿಮೆ 40ರಿಂದ 50 ಸಾವಿರ ರೂಪಾಯಿ ಆಗುತ್ತದೆ. ಟ್ಯೂಬುಲರ್ ಆದರೆ ಕೆಲವು ಸಾವಿರ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು.

ಮಾಳಿಗೆ, ಮಳೆ, ಧೂಳು

ಮೂರು ಜಿಲ್ಲೆಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಬೆಳಗಾವಿ, ಖಾನಾಪುರ ಕಡೆ ಜುಲೈ-ಆಗಸ್ಟಿನಲ್ಲಿ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಅಲ್ಲಿಯವರು ಪ್ಯಾನೆಲ್ ಒಂದೂವರೆ ಪಟ್ಟು ಹಾಕಿ, ಜೊತೆಗೆ ಲೈನಿನಿಂದಲೂ ಬ್ಯಾಟರಿ ತುಂಬುವ ವ್ಯವಸ್ಥೆ ಇಟ್ಟುಕೊಳ್ಳಿ. ವಿಜಯಪುರ, ಬಾಗಲಕೋಟೆಯಲ್ಲಿ ಮಳೆ ಕಡಿಮೆ, ಮೇಲಿನ ಲೆಕ್ಕ ಸಾಕು. ಮುಖ ದಕ್ಷಿಣಕ್ಕೆ, ಓರೆ 15-17 ಡಿಗ್ರಿ.

ಮುಂಗಾರಿಗೆ ಮೊದಲು ಏಳುವ ಗಾಳಿ ನೆನಪಿರಲಿ. ಪತ್ರಾಸ್ ಹಾರಿಸುವ ಗಾಳಿ ಪ್ಯಾನೆಲ್ಲನ್ನೂ ಬಿಡುವುದಿಲ್ಲ. ಪತ್ರಾಸ್ ಮನೆಯಾದರೆ ತಗಡಿಗೆ ಸ್ಕ್ರೂ ಹೊಡೆದರೆ ಸಾಲದು, ಕೆಳಗಿನ ಕಬ್ಬಿಣದ ಆಂಗಲಿಗೆ ಬೋಲ್ಟ್ ಹಾಕಿ. ಮಣ್ಣಿನ ಮಾಳಿಗೆಯನ್ನು ತೂತು ಮಾಡಬೇಡಿ, ಸೋರುತ್ತದೆ. ಅಂಗಳದಲ್ಲಿ ಕಂಬ ನೆಟ್ಟು ಅದರ ಮೇಲೆ ಕೂರಿಸುವುದು ಒಳ್ಳೆಯದು. ಸಿಂಟೆಕ್ಸ್ ಟ್ಯಾಂಕಿನದೋ, ಬೇವಿನ ಟೊಂಗೆಯದೋ ನೆರಳು ಒಂದು ಮೂಲೆಗೆ ಬಿದ್ದರೂ ಪ್ಯಾನೆಲ್ಲಿನ ಮೂರನೇ ಒಂದು ಪಾಲು ಹೋಗಬಹುದು. ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಮೇಲೆ ಹೋಗಿ ನೋಡಿ ಜಾಗ ಗೊತ್ತು ಮಾಡಿ.

ಜೋಳದ ರಾಶಿ ಮಾಡುವ ದಿನಗಳಲ್ಲಿ ಹೊಟ್ಟು, ಸಕ್ಕರೆ ಕಾರ್ಖಾನೆ ಹತ್ತಿರದ ಊರುಗಳಲ್ಲಿ ಕಬ್ಬು ನುರಿಸುವ ತಿಂಗಳುಗಳಲ್ಲಿ ಕಪ್ಪು ಬೂದಿ. ವಾರಕ್ಕೊಮ್ಮೆ ಒರೆಸಬೇಕು, ಪ್ಯಾನೆಲ್ ತಣ್ಣಗಿರುವ ಬೆಳಗಿನ ಹೊತ್ತು. ಬೋರಿನ ಸವಳು ನೀರು ಹಾಕಿದರೆ ಬಿಳಿ ಕಲೆ ಕೂತು ಆಮೇಲೆ ಹೋಗುವುದೇ ಇಲ್ಲ. ಹಿಡಿದಿಟ್ಟ ಮಳೆ ನೀರು, ಇಲ್ಲವಾದರೆ ಶುದ್ಧ ನೀರಿನ ಘಟಕದ ನೀರು ಬಳಸಿ. ಟ್ಯೂಬುಲರ್ ಬ್ಯಾಟರಿಗೆ ಮಾತ್ರ ಘಟಕದ ನೀರೂ ಬೇಡ, ಡಿಸ್ಟಿಲ್ಡ್ ವಾಟರೇ ಆಗಬೇಕು.

ಹಳೆಯ ಪ್ಯಾನೆಲ್ ಅಗ್ಗಕ್ಕೆ ಸಿಕ್ಕರೆ ತಗೊಳ್ಳಬಹುದು, ಪರೀಕ್ಷೆ ಮಾಡಿ. ಹಿಂಬದಿಯಲ್ಲಿ ಸುಟ್ಟ ಕಲೆ ಇರಬಾರದು, ಗಾಜು ಬಿರುಕು ಬಿಟ್ಟಿರಬಾರದು. ಬಿಸಿಲಿಗೆ ಹಿಡಿದು ಮಲ್ಟಿಮೀಟರಿನಲ್ಲಿ ವೋಲ್ಟೇಜ್, ಆಂಪಿಯರ್ ಎರಡನ್ನೂ ಅಳೆದು ಪ್ಯಾನೆಲ್ಲಿನ ಹಿಂಬದಿಗೆ ಅಂಟಿಸಿದ ಚೀಟಿಯ ಜೊತೆ ಹೋಲಿಸಿ. ವೋಲ್ಟೇಜ್ ಮಾತ್ರ ನೋಡಿ ದುಡ್ಡು ಕೊಡಬೇಡಿ, ಸತ್ತ ಪ್ಯಾನೆಲ್ಲೂ ವೋಲ್ಟೇಜ್ ತೋರಿಸಬಹುದು. ಹೊಸದಾದರೆ ಪ್ಯಾನೆಲ್ ಮತ್ತು ಬ್ಯಾಟರಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಳಿ ಚೀಟಿಯ ಮೇಲೆ ಬರೆದ ಲೆಕ್ಕಕ್ಕೆ ಯಾರೂ ವಾರಂಟಿ ಕೊಡುವುದಿಲ್ಲ.